ಊರಿಗೆ ಬಂದ ಮೇಲೆ

ನಮ್ಮ ಸಂಘದ ವಾರ್ಷಿಕ ಮಹಾಸಭೆಯ ಸೂಚನಾಪತ್ರ ಈ ಸಂಚಿಕೆಯ ಜೊತೆಗೇ ಸದಸ್ಯರ ಕೈಸೇರಲಿದೆ. ಅದರಲ್ಲಿ ಏಳನೆಯ ವಿಷಯವಾಗಿ ಒಂದು ಚಿಕ್ಕ ಗೊತ್ತುವಳಿ ಇದೆ. ಸಂಘದ ಕಟ್ಟಡದ ನೆಲಮಹಡಿಯ ಕೋಣೆಯನ್ನು ಪ್ರತಿ ರವಿವಾರ ಬೆಳಿಗ್ಗೆ ಎರಡು ತಾಸಿನ ಮಟ್ಟಿಗೆ ನಮ್ಮ ಓಣಿಯ ನಿವಾಸಿಗಳ ಸಮಿತಿಗೆ ಬಾಡಿಗೆಯಿಲ್ಲದೆ ಬಿಟ್ಟುಕೊಡಬೇಕೆಂಬುದು ಅದರ ಸಾರಾಂಶ. ಕಾರ್ಯಸೂಚಿಯಲ್ಲಿ ಇದಕ್ಕಿಂತ ತೂಕದ ವಿಷಯಗಳಿವೆ. ಆದರೆ ಸಂಪಾದಕ ಮಂಡಳಿಗೆ ಪತ್ರಗಳು ಬಂದಿರುವುದು ಈ ಏಳನೆಯ ವಿಷಯದ ಮೇಲೆಯೇ. ಹಿರಿಯ ಸದಸ್ಯರೊಬ್ಬರು ಕೇಳುತ್ತಾರೆ: ಕನ್ನಡಿಗರು ಹೊಟ್ಟೆ ಬಟ್ಟೆ ಕಟ್ಟಿ ಎತ್ತಿದ ಮನೆಯಲ್ಲಿ ಚರಂಡಿಯ, ಕಸದ ಡಬ್ಬಿಯ ಮಾತು ಏಕೆ ನಡೆಯಬೇಕು? ಇನ್ನೊಬ್ಬರ ಆತಂಕ: ಇಂದು ಎರಡು ತಾಸು ಕೇಳಿದವರು ನಾಳೆ ಕೋಣೆಯನ್ನೇ ಕೇಳಿದರೆ ಏನು ಮಾಡುವುದು? ಮೂರನೆಯ ಪತ್ರ ಮೂರೇ ಸಾಲಿನದು. ಆದರೆ ನನ್ನನ್ನು ಹೆಚ್ಚು ಕಾಡಿದ್ದು ಅದೇ. ಈ ಊರು ನಮ್ಮದಲ್ಲ, ನಮ್ಮ ಕೆಲಸ ಕನ್ನಡದ್ದು, ಬೀದಿಯ ಕೆಲಸ ಬೀದಿಯವರದು ಎಂದು ಅದರ ಅಭಿಪ್ರಾಯ.

ಈ ಮಾತನ್ನು ತಳ್ಳಿಹಾಕುವ ಧೈರ್ಯ ನನಗಿಲ್ಲ. ಏಕೆಂದರೆ ನನ್ನ ಸೇವಾವಧಿಯ ಬಹುಭಾಗದಲ್ಲಿ ನಾನು ಬದುಕಿದ್ದು ಇದೇ ಮಾತಿನ ಆಸರೆಯಲ್ಲಿ. ಆದುದರಿಂದ ಈ ಸಲದ ಸಂಪಾದಕೀಯವನ್ನು ಒಂದು ಬಡಾವಣೆಯ ಏಳುಬೀಳಿನ ಕಥೆಗೂ, ನನ್ನ ಸ್ವಂತ ತಪ್ಪಿನ ಕಥೆಗೂ ಮೀಸಲಿಡುತ್ತಿದ್ದೇನೆ. ಬಡಾವಣೆ ನಮ್ಮಲ್ಲಿ ಅನೇಕರಿಗೆ ಪರಿಚಿತವಾದ ಮಾಟುಂಗಾ.

1993ರ ಜೂನ್ ತಿಂಗಳಲ್ಲಿ ಧಾರವಾಡದಲ್ಲಿ ಸ್ನಾತಕೋತ್ತರ ಪದವಿ ಮುಗಿಸಿ, ಕೇಂದ್ರ ಸರಕಾರದ ನೌಕರಿಯ ಆದೇಶಪತ್ರವನ್ನು ಜೇಬಿನಲ್ಲಿಟ್ಟುಕೊಂಡು, ಮೀರಜಿನಲ್ಲಿ ಗಾಡಿ ಬದಲಿಸಿ ದಾದರಿನಲ್ಲಿ ಇಳಿದವನು ನಾನು. ಹಿಂದಿನ ಡಿಸೆಂಬರ್ ಮತ್ತು ಆ ವರ್ಷದ ಜನವರಿಯ ದಂಗೆಗಳ, ಮಾರ್ಚ್ 12ರ ಬಾಂಬ್ ಸ್ಫೋಟಗಳ ಗಾಯ ಊರಿನ ಮೈಮೇಲೆ ಇನ್ನೂ ಹಸಿಯಾಗಿತ್ತು. ಸೋದರಮಾವನ ಮನೆ ಮಾಟುಂಗಾದ ಒಂದು ಹಳೆಯ ಕಟ್ಟಡದ ಎರಡನೆಯ ಮಹಡಿಯಲ್ಲಿತ್ತು. ಎರಡು ಕೋಣೆ, ಒಂದು ಅಡಿಗೆಮನೆ, ಬೀದಿಗೆ ಮುಖಮಾಡಿದ ಒಂದು ಬಾಲ್ಕನಿ. ಮನೆಯ ಬಾಡಿಗೆ ತಿಂಗಳ ಹಾಲಿನ ಲೆಕ್ಕಕ್ಕಿಂತ ಕಡಿಮೆ ಎಂದು ಅತ್ತೆ ನಗುತ್ತ ಹೇಳಿದಾಗ ಅದು ಸೌಭಾಗ್ಯವೆಂದೇ ಭಾವಿಸಿದ್ದೆ. ಆ ಸೌಭಾಗ್ಯವೇ ಕಟ್ಟಡವನ್ನು ಒಳಗಿನಿಂದ ತಿನ್ನುತ್ತಿದೆ ಎಂಬ ಅರಿವು ಆಗ ನನಗಿರಲಿಲ್ಲ.

ಬೆಳಗಿನ ಹೊತ್ತಿಗೆ ಮಾರುಕಟ್ಟೆಯ ಹೂವಿನವರ ತಮಿಳು, ಹೋಟೆಲಿನವರ ತುಳು ಮತ್ತು ಕುಂದಾಪುರದ ಕನ್ನಡ, ಅಂಗಡಿಕಾರರ ಗುಜರಾತಿ, ದೇವಾಲಯದ ಎದುರಿನ ಕೊಂಕಣಿ ಒಂದೇ ಬೀದಿಯಲ್ಲಿ ಕಿವಿಗೆ ಬೀಳುತ್ತಿದ್ದವು. ಎ. ರಾಮ ನಾಯಕ್ ಅವರು 1942ರಲ್ಲಿ ಆರಂಭಿಸಿದ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ನನ್ನಂಥ ಒಂಟಿಗರಿಗೆ ಬಾಳೆ ಎಲೆಯ ಮೇಲೆ ಊರನ್ನು ನೆನಪಿಸುತ್ತಿತ್ತು. ಭಾವುದಾಜಿ ರಸ್ತೆಯಲ್ಲಿ 1926ರಷ್ಟು ಹಿಂದೆ ಹುಟ್ಟಿದ ಮೈಸೂರು ಅಸೋಸಿಯೇಷನ್ ಇತ್ತು. 1932ರಲ್ಲಿ ಸ್ಥಾಪನೆಯಾದ ಸೌತ್ ಇಂಡಿಯನ್ ಎಜುಕೇಷನ್ ಸೊಸೈಟಿಯ ಶಾಲೆಗೆ ಮಾವನ ಮಕ್ಕಳು ಹೋಗುತ್ತಿದ್ದರು. ಹೊರಗಿನಿಂದ ಬಂದವರು ಸರಕಾರದ ದಾರಿ ಕಾಯದೆ ತಮಗೆ ಬೇಕಾದದ್ದನ್ನು ತಾವೇ ಕಟ್ಟಿಕೊಂಡ ಬಡಾವಣೆ ಅದು.

ಅದರ ಹುಟ್ಟಿನ ಕಥೆ ಕನ್ನಡಿಗರಿಗೆ ಅಪರಿಚಿತವಲ್ಲ. 1896ರಲ್ಲಿ ಮುಂಬಯಿಯ ಮಾಂಡವಿಯ ಕಿರಿದಾದ ಓಣಿಗಳಲ್ಲಿ ಪ್ಲೇಗು ಕಾಣಿಸಿಕೊಂಡು ಊರು ತಲ್ಲಣಿಸಿತು. ಗಾಳಿ ಬೆಳಕಿಲ್ಲದ ಚಾಳುಗಳೇ ರೋಗದ ಮೂಲವೆಂದು ಬಗೆದ ಸರಕಾರ 1898ರಲ್ಲಿ ಬಾಂಬೆ ಇಂಪ್ರೂವ್‌ಮೆಂಟ್ ಟ್ರಸ್ಟನ್ನು ಸ್ಥಾಪಿಸಿತು. ಆಗ ಊರಿನ ಉತ್ತರದ ಅಂಚಾಗಿದ್ದ ದಾದರ್, ಮಾಟುಂಗಾ, ವಡಾಲಾ, ಸಾಯನ್‌ಗಳಲ್ಲಿ ಅಗಲವಾದ ರಸ್ತೆಗಳ, ತೋಟಗಳ ಹೊಸ ಬಡಾವಣೆಗಳ ಯೋಜನೆ ಸಿದ್ಧವಾಯಿತು. ಅದೇ 1898ರಲ್ಲಿ ಬೆಂಗಳೂರಿಗೂ ಪ್ಲೇಗು ತಗಲಿತು. ಮಲ್ಲೇಶ್ವರ, ಬಸವನಗುಡಿಗಳು ಬೆಳೆದದ್ದು ಆ ಭೀತಿಯ ಬೆನ್ನಿಗೇ. ಮಾಟುಂಗಾ ಮತ್ತು ಮಲ್ಲೇಶ್ವರ ಒಂದೇ ಮಹಾಮಾರಿಯ ಎರಡು ಮಕ್ಕಳು ಎಂದರೆ ತಪ್ಪಾಗದು.

1920 ಮತ್ತು 1930ರ ದಶಕಗಳಲ್ಲಿ ಈ ನಿವೇಶನಗಳ ಮೇಲೆ ಎರಡು ಮೂರು ಮಹಡಿಯ ಕಟ್ಟಡಗಳು ಎದ್ದವು. ಅವುಗಳಿಗೆ ಬಾಡಿಗೆಗೆ ಬಂದವರಲ್ಲಿ ಕಚೇರಿಗಳ ಗುಮಾಸ್ತರಾದ ದಕ್ಷಿಣದವರು ಬಹಳ. ಇತಿಹಾಸಕಾರ ನಿಖಿಲ್ ರಾವ್ ಅವರು 2013ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ಈ ಬಡಾವಣೆಯ ಇತಿಹಾಸವನ್ನು ವಿವರವಾಗಿ ಬರೆದಿದ್ದಾರೆ. ಶೌಚಾಲಯವನ್ನು ಮನೆಯೊಳಗೇ ತಂದ ಫ್ಲ್ಯಾಟು ಹೇಗೆ ಹೊಸ ಬಗೆಯ ವಸತಿಯಾಯಿತು, ತಮಿಳರು, ಕನ್ನಡಿಗರು, ಮಲೆಯಾಳಿಗಳು, ಆಂಧ್ರದವರು ಹೇಗೆ ಇಲ್ಲಿ 'ದಕ್ಷಿಣ ಭಾರತೀಯ'ರಾದರು ಎಂಬುದು ಅದರಲ್ಲಿದೆ. ಊರಿನಲ್ಲಿದ್ದಾಗ ನಾವ್ಯಾರೂ ದಕ್ಷಿಣ ಭಾರತೀಯರಾಗಿರಲಿಲ್ಲ; ಹಾಗೆ ಆದದ್ದು ಇಲ್ಲಿಯ ಬೀದಿಯಲ್ಲಿ. ಇದೇ ಮಾಟುಂಗಾದ ಹೆಸರು ಹೊತ್ತ ಇನ್ನೊಂದು ವಸತಿ, ಮಾಟುಂಗಾ ಲೇಬರ್ ಕ್ಯಾಂಪ್, ಧಾರಾವಿಯ ಕಡೆಗಿದೆ. ಊರನ್ನು ಗುಡಿಸಿ ತೊಳೆಯುವವರು, ದಲಿತ ಕಾರ್ಮಿಕರು ಅಲ್ಲಿದ್ದರು. ತೋಟ, ಸಭೆ, ಶಾಲೆಗಳ ಮಾಟುಂಗಾದಲ್ಲಿ ಅವರಿಗೆ ಎಷ್ಟು ಜಾಗವಿತ್ತು ಎಂಬ ಪ್ರಶ್ನೆಯನ್ನು ಇಲ್ಲಿಯೇ ಗುರುತುಹಾಕಿಟ್ಟುಕೊಳ್ಳೋಣ; ಮುಂದೆ ಬೇಕಾಗುತ್ತದೆ.

ಇಂಥ ಬಡಾವಣೆ ಸೊರಗಿದ್ದು ಹೇಗೆ? ಮೊದಲನೆಯ ಕಾರಣ ಮಾವನ ಮನೆಯ ಆ ಅಗ್ಗದ ಬಾಡಿಗೆ. 1947ರ ಬಾಡಿಗೆ ನಿಯಂತ್ರಣ ಕಾಯಿದೆ ಮುಂಬಯಿಯ ಹಳೆಯ ಮನೆಗಳ ಬಾಡಿಗೆಯನ್ನು 1940ರ ಸೆಪ್ಟೆಂಬರಿನ ಮಟ್ಟಕ್ಕೆ ಬಿಗಿದಿಟ್ಟಿತು. ಯುದ್ಧಕಾಲದ ಬಡ ಬಾಡಿಗೆದಾರನಿಗೆ ಅದು ನಿಜವಾದ ರಕ್ಷಣೆ. ಆದರೆ ದಶಕಗಳು ಕಳೆದಂತೆ, ಸುಣ್ಣ ಬಳಿಯುವ ಖರ್ಚೂ ಹುಟ್ಟದ ಮನೆಯನ್ನು ಮಾಲಿಕ ದುರಸ್ತಿ ಮಾಡುವುದನ್ನೇ ಬಿಟ್ಟ. ಮನೆ ತನ್ನದಲ್ಲವೆಂದು ಬಾಡಿಗೆದಾರನೂ ಕೈಹಚ್ಚಲಿಲ್ಲ. ಬಾಡಿಗೆಯ ಹಕ್ಕನ್ನು ದೊಡ್ಡ ಮೊತ್ತಕ್ಕೆ ಕೈಬದಲಿಸುವ ಪಗಡಿ ಪದ್ಧತಿ ಬೆಳೆಯಿತು. ಮಳೆಗಾಲ ಬಂದರೆ ಕಟ್ಟಡಗಳು ಕುಸಿಯತೊಡಗಿದವು. 1969ರಲ್ಲಿ ಕಾಯಿದೆಯ ಮೂಲಕ ದುರಸ್ತಿ ಮಂಡಳಿ ರಚಿಸಿ, ಸೆಸ್ ವಿಧಿಸಿ, ದಕ್ಷಿಣ ಮತ್ತು ಮಧ್ಯ ಮುಂಬಯಿಯ 19,000ಕ್ಕೂ ಹೆಚ್ಚು ಹಳೆಯ ಕಟ್ಟಡಗಳ ದುರಸ್ತಿಯ ಹೊಣೆಯನ್ನು ಸರಕಾರವೇ ಹೊತ್ತುಕೊಂಡಿತು. 1999ರ ಹೊಸ ಕಾಯಿದೆ ಪಗಡಿಗೆ ಮಾನ್ಯತೆ ಕೊಟ್ಟಿತು, ವರ್ಷಕ್ಕೆ ಶೇಕಡಾ 4ರಷ್ಟು ಬಾಡಿಗೆ ಏರಿಸಬಹುದೆಂದಿತು. ಆದರೆ ಅತ್ಯಲ್ಪ ಬಾಡಿಗೆಯ ಮೇಲೆ ಶೇಕಡಾ 4 ಎಂದರೆ ಎಷ್ಟಾದೀತು?

ಮಾವನ ಮನೆಯ ಮೆಟ್ಟಿಲಿನ ಕಟ್ಟಿಗೆಯ ಕಂಬಕ್ಕೆ ಆಸರೆಯಾಗಿ ನಿಲ್ಲಿಸಿದ್ದ ಇನ್ನೊಂದು ಕಂಬವನ್ನು ನಾನು ಅಲ್ಲಿದ್ದ ಐದು ವರ್ಷವೂ ಕಂಡೆ. ತಾತ್ಕಾಲಿಕವೆಂದು ನಿಲ್ಲಿಸಿದ್ದು ಅದು. ಅದರ ಮೇಲೆ ಒಗೆದ ಬಟ್ಟೆ ಒಣಹಾಕುವ ಅಭ್ಯಾಸ ಎಲ್ಲರಿಗೂ ಆಗಿಹೋಗಿತ್ತು. ಅವನತಿ ಎಂಬುದು ಸಿಡಿಲಿನಂತೆ ಎರಗುವುದಿಲ್ಲ. ಅಸಹ್ಯವಾದದ್ದು ಅಭ್ಯಾಸವಾಗುವುದೇ ಅದರ ಲಕ್ಷಣ.

ಎರಡನೆಯ ಕಾರಣ ನಾವೇ. ಓದಿದ ಮಕ್ಕಳು ಡೊಂಬಿವಲಿಗೆ, ನವಿ ಮುಂಬಯಿಗೆ, ವಿದೇಶಕ್ಕೆ ಹೋದರು, ಹಿರಿಯರು ಉಳಿದರು. ಉಳಿದವರೂ ನಿವೃತ್ತಿಯ ನಂತರ ಊರಿಗೆ ಹೋಗುವವರೆಂಬ ನಂಬಿಕೆಯಲ್ಲೇ ಇದ್ದರು. ಮಾವನಂತೂ ಮೂವತ್ತೈದು ವರ್ಷ ಆ ಬೀದಿಯಲ್ಲಿದ್ದೂ ಪಾಲಿಕೆಯ ಸದಸ್ಯರ ಹೆಸರು ತಿಳಿದವರಲ್ಲ. ಹುಬ್ಬಳ್ಳಿಯ ಶಾಸಕರ ಜಾತಕವೆಲ್ಲ ಬಾಯಿಪಾಠ. ಬೀದಿಯ ನೀರು, ಕಸ, ದೀಪ ಇವೆಲ್ಲ 'ಇವರ' ಕೆಲಸ. ಈ 'ಇವರು' ಯಾರೆಂದು ನಾವು ಯಾರೂ ಕೇಳಿಕೊಳ್ಳಲಿಲ್ಲ.

ಮೂರನೆಯದು ರಸ್ತೆ. ವಾಹನಗಳು ಹೆಚ್ಚಿದವು, ಮೇಲ್ಸೇತುವೆಗಳು ಎದ್ದವು. ಬಡಾವಣೆ ಬದುಕುವ ಜಾಗಕ್ಕಿಂತ ಹಾದುಹೋಗುವ ಜಾಗವಾಯಿತು. ಮೇಲ್ಸೇತುವೆಯ ಮೇಲಿನ ಭಾಗ ಎಂಜಿನಿಯರರದು. ಕೆಳಗಿನ ಕತ್ತಲು ಯಾರದು ಎಂಬುದಕ್ಕೆ ಯಾವ ನಕ್ಷೆಯಲ್ಲೂ ಉತ್ತರವಿರಲಿಲ್ಲ.

ಉತ್ತರ ಹುಡುಕಿದವರು ಸಾಮಾನ್ಯ ನಿವಾಸಿಗಳು. ಇಲ್ಲಿ ಮಾಟುಂಗಾವನ್ನು ಕ್ಷಣಕಾಲ ಬಿಟ್ಟು ಘಾಟ್‌ಕೋಪರಿನ ಜೋಶಿ ಲೇನಿಗೆ ಹೋಗಬೇಕು. 1990ರ ದಶಕದಲ್ಲಿ ಆ ಓಣಿಯ ಜನ ತಮ್ಮ ಕಸವನ್ನು ಮನೆಯಲ್ಲೇ ಹಸಿ, ಒಣ ಎಂದು ಬೇರ್ಪಡಿಸಿ, ಬೀದಿಯನ್ನು ಸ್ವಚ್ಛವಾಗಿಟ್ಟುಕೊಂಡು ತೋರಿಸಿದರು. ಅದರ ಯಶಸ್ಸನ್ನು ಕಂಡ ಪಾಲಿಕೆ 1997ರಲ್ಲಿ 'ಅಡ್ವಾನ್ಸ್ಡ್ ಲೊಕಾಲಿಟಿ ಮ್ಯಾನೇಜ್‌ಮೆಂಟ್' ಎಂಬ ಯೋಜನೆಯನ್ನು ಊರಿಗೆಲ್ಲ ವಿಸ್ತರಿಸಿತು. ಓಣಿಯ ನಿವಾಸಿಗಳು ಸಮಿತಿ ಮಾಡಿಕೊಂಡು ನೋಂದಾಯಿಸಿಕೊಂಡರೆ ವಾರ್ಡ್ ಕಚೇರಿ ಅವರೊಡನೆ ನೇರವಾಗಿ ವ್ಯವಹರಿಸಬೇಕು ಎಂಬುದು ಅದರ ತಿರುಳು. ಗಮನಿಸಬೇಕಾದದ್ದು ಕ್ರಮ: ಯೋಜನೆ ಬಂದು ಓಣಿ ಬದಲಾಗಲಿಲ್ಲ, ಓಣಿ ಬದಲಾಗಿ ಯೋಜನೆ ಬಂತು.

ಮಾಟುಂಗಾದ ನೆರೆಯಲ್ಲೇ ಇನ್ನೊಂದು ದೃಷ್ಟಾಂತವಿದೆ. 1963ರಲ್ಲಿ ತೆರೆದ ಷಣ್ಮುಖಾನಂದ ಸಭಾಗೃಹ 1990ರಲ್ಲಿ ಬೆಂಕಿಗೆ ಆಹುತಿಯಾಯಿತು. ನಾನು ಬಂದ ದಿನಗಳಲ್ಲಿ ಅದು ಮುಚ್ಚಿಯೇ ಇತ್ತು. ಅದರ ಎದುರು ಹಾದುಹೋಗುವಾಗ ಮಾವ ಮಾತು ನಿಲ್ಲಿಸುತ್ತಿದ್ದರು. 1998ರಲ್ಲಿ ಅದು ಪುನಃ ತೆರೆಯಿತು. ಸಂಗೀತವನ್ನು ಪ್ರೀತಿಸುವ ಒಂದು ಸಮುದಾಯ ಎಂಟು ವರ್ಷ ಹಟ ಹಿಡಿದರೆ ಏನಾಗುತ್ತದೆ ಎಂಬುದಕ್ಕೆ ಅದು ಸಾಕ್ಷಿ.

ಇನ್ನು ಆ ಕತ್ತಲಿನ ವಿಷಯ. ಮಾಟುಂಗಾದ ಅಂಬೇಡ್ಕರ್ ರಸ್ತೆಯ ಮೇಲ್ಸೇತುವೆ 2011ರಲ್ಲಿ ಮುಗಿದ ಮೇಲೆ ಅದರ ಅಡಿಯ ಜಾಗ ಜೂಜಿಗೆ, ಮಾದಕ ವ್ಯಸನಕ್ಕೆ, ಕಸಕ್ಕೆ, ಅಡ್ಡಾದಿಡ್ಡಿ ನಿಂತ ವಾಹನಗಳಿಗೆ ಈಡಾಗತೊಡಗಿತು. ನಿವಾಸಿಗಳು 'ಒನ್ ಮಾಟುಂಗಾ' ಎಂಬ ಹೆಸರಿನಲ್ಲಿ ಒಂದುಗೂಡಿ, ಮೊದಲು ತಮ್ಮ ಕೈಯಿಂದಲೇ ಹಣ ಹಾಕಿ ಕಾವಲುಗಾರರನ್ನು ನೇಮಿಸಿದರು. ಆಮೇಲೆ ಆ ಜಾಗವನ್ನು ಉದ್ಯಾನ ಮಾಡಿಕೊಡಿ ಎಂದು ಪಾಲಿಕೆಗೆ ಬರೆದರು. ಬರೆದು ಸುಮ್ಮನಾಗದೆ ವರ್ಷಗಟ್ಟಲೆ ಬೆನ್ನುಹತ್ತಿದರು. 2016ರ ಜೂನ್ ತಿಂಗಳಲ್ಲಿ ಸುಮಾರು 600 ಮೀಟರ್ ಉದ್ದದ ನಾನಾಲಾಲ್ ಡಿ. ಮೆಹ್ತಾ ಉದ್ಯಾನ ತೆರೆಯಿತು. ಅದರ ನಡೆದಾರಿಯನ್ನು ನರ್ಮದಾ ನದಿಯ ಹರಿವಿನ ಮಾದರಿಯಲ್ಲಿ ರೂಪಿಸಿದ್ದಾರೆ. ಮೇಲೆ ವಾಹನಗಳ ಗದ್ದಲ, ಕೆಳಗೆ ಮುಂಜಾನೆ ನಡೆಯುವ ವೃದ್ಧರು. ಮಾವ ಆ ಹೊತ್ತಿಗೆ ಇರಲಿಲ್ಲ. ಅತ್ತೆ ತಮ್ಮ ಕೊನೆಯ ಎರಡು ವರ್ಷ ಅಲ್ಲಿ ನಡೆದರು.

ಈ ಮೂರು ಪ್ರಸಂಗಗಳಲ್ಲಿ ಸಮಾನವಾದದ್ದು ಏನು? ಯಾರೂ ದೂರಿನಿಂದ ಆರಂಭಿಸಲಿಲ್ಲ. ತಮ್ಮ ಕೈಯಲ್ಲಾದ ಕೆಲಸದಿಂದ ಆರಂಭಿಸಿದರು. ಸರಕಾರದ ಬಳಿಗೆ ಬರಿಗೈಯಲ್ಲಿ ಹೋಗಲಿಲ್ಲ. ಮಾಡಿ ತೋರಿಸಿದ್ದನ್ನು ಹಿಡಿದುಕೊಂಡು ಹೋದರು. ಮೂವತ್ತು ವರ್ಷ ಕಡತಗಳ ಆಚೆಬದಿಯಲ್ಲಿ ಕುಳಿತವನಾಗಿ ಹೇಳುತ್ತೇನೆ: ಬೇಡಿಕೆಯ ಅರ್ಜಿಗೆ ಕಡತದಲ್ಲಿ ನಿದ್ದೆ ಬರುತ್ತದೆ, ಜೊತೆಗೆ ನಿಂತ ಹತ್ತು ಜನರ ಅರ್ಜಿಗೆ ಅಷ್ಟು ಸುಲಭವಾಗಿ ಬರುವುದಿಲ್ಲ. ಹತ್ತು ಜನರ ಹುಲ್ಲುಕಡ್ಡಿ ಒಬ್ಬನ ತಲೆಹೊರೆ ಎಂದು ನಮ್ಮ ಹಿರಿಯರು ಸುಮ್ಮನೆ ಹೇಳಲಿಲ್ಲ.

ಆದರೆ ಕಥೆಯನ್ನು ಇಲ್ಲಿಗೇ ನಿಲ್ಲಿಸಿದರೆ ಅದು ಅರ್ಧಸತ್ಯವಾದೀತು. ಉಳಿದರ್ಧ ನನ್ನ ಸ್ವಂತ ಓಣಿಯದು.

ನಾಗಪುರ, ದಿಲ್ಲಿ, ಹೈದರಾಬಾದು ಸುತ್ತಿ 2014ರಲ್ಲಿ ನಾನು ಮತ್ತೆ ಮುಂಬಯಿಗೆ ವರ್ಗವಾಗಿ ಬಂದು, ನಮ್ಮ ಸಂಘದ ಕಟ್ಟಡವಿರುವ ಈ ಉಪನಗರದ ಓಣಿಯಲ್ಲೇ ಮನೆ ಕೊಂಡೆ. ಓಣಿಯ ತುದಿಯಲ್ಲಿ ಇಲ್ಲೂ ಒಂದು ಮೇಲ್ಸೇತುವೆ ಇದೆ, ಅದರಡಿಯಲ್ಲಿ ಇಲ್ಲೂ ಕತ್ತಲು ಇತ್ತು. 2017ರಲ್ಲಿ ಮಾಟುಂಗಾದ ಉದ್ಯಾನವನ್ನು ನೋಡಿಬಂದ ಕೆಲವರು ನಮ್ಮಲ್ಲೂ ಒಂದು ಸಮಿತಿ ಮಾಡಿದರು. ನಿವೃತ್ತ ಶಾಲಾ ಶಿಕ್ಷಕಿಯಾದ ಮರಾಠಿ ಮಹಿಳೆಯೊಬ್ಬರು ಅದರ ಕಾರ್ಯದರ್ಶಿ. ಅವರು ರಸೀದಿ ಪುಸ್ತಕ ಹಿಡಿದು ನಮ್ಮ ಮನೆಗೆ ಬಂದಾಗ ನಾನು ಬಾಗಿಲಲ್ಲೇ ನಿಂತು, ಸರಕಾರಿ ಸೇವೆಯಲ್ಲಿರುವವನು, ನಡತೆಯ ನಿಯಮಗಳು ಅಡ್ಡಬರುತ್ತವೆ ಎಂದೆ. ಅವರು ಮೇಷ್ಟರ ತಾಳ್ಮೆಯಿಂದ ಕೇಳಿದರು, "ಸಾಹೇಬರೇ, ಪೊರಕೆ ಹಿಡಿಯಬಾರದು ಎಂದು ಆ ನಿಯಮದಲ್ಲಿ ಬರೆದಿದೆಯೇ?"

ಆ ರಾತ್ರಿ ಕೇಂದ್ರ ನಾಗರಿಕ ಸೇವಾ ನಡತೆ ನಿಯಮಗಳು, 1964ನ್ನು ತೆಗೆದು ನೋಡಿದೆ. ರಾಜಕೀಯ ಪಕ್ಷಗಳಿಂದ ದೂರವಿರಬೇಕೆಂದು ಅವು ಹೇಳುತ್ತವೆ. ಸಂಭಾವನೆಯಿಲ್ಲದ ಸಾಮಾಜಿಕ, ಸೇವಾ ಸ್ವರೂಪದ ಕೆಲಸಕ್ಕೆ ಪೂರ್ವಾನುಮತಿಯನ್ನೂ ಕೇಳುವುದಿಲ್ಲ. ಇಷ್ಟು ವರ್ಷ ನಿಯಮದ ಹೆಸರು ಹೇಳಿಕೊಂಡು ನಾನು ಸೋಮಾರಿತನವನ್ನು ಸಾಕಿದ್ದೆ. ಮರುದಿನ ತಿಂಗಳಿಗೆ 200 ರೂಪಾಯಿಯ ವಂತಿಗೆ ಕೊಟ್ಟು ಬಂದೆ. ಮಾಡಬೇಕಾದದ್ದನ್ನು ಮಾಡಿದೆನೆಂಬ ತೃಪ್ತಿಯೂ ಆಯಿತು.

ಕಾವಲುಗಾರ ಬಂದ. ವಾರದೊಳಗೆ ಸೇತುವೆಯಡಿಯ ಜಾಗ ಖಾಲಿಯಾಯಿತು. ಎಲ್ಲರೂ ಕೊಂಡಾಡಿದರು, ನಾನೂ ಕೊಂಡಾಡಿದೆ. ಒಂದು ಸಂಜೆ ನಿಲ್ದಾಣದ ಮೆಟ್ಟಿಲಿಳಿಯುತ್ತ ಧಾರವಾಡದಲ್ಲಿರುವ ತಾಯಿಯೊಡನೆ ಫೋನಿನಲ್ಲಿ ಮಾತನಾಡುತ್ತಿದ್ದೆ. ಗೋಡೆಗೊರಗಿ ಗಂಟುಮೂಟೆಗಳ ನಡುವೆ ಕುಳಿತಿದ್ದ ಹೆಣ್ಣುಮಗಳೊಬ್ಬಳು ಎದ್ದುನಿಂತು ಕೇಳಿದಳು: "ಯಪ್ಪಾ, ನಮ್ ಕಡಿಯವ್ರೇನ್ರಿ ನೀವು?" ಅವಳು ಯಾದಗಿರಿಯ ಕಡೆಯವಳು. ಗಂಡ ಒಂದು ಕಟ್ಟಡದ ಪಾಯ ಅಗೆಯುವ ಕೆಲಸಕ್ಕೆ ಬಂದವನು, ಇಬ್ಬರು ಮಕ್ಕಳು. ಇಳಿದುಕೊಳ್ಳಲು ಜಾಗ ಕೊಡುತ್ತೇನೆಂದಿದ್ದ ಗುತ್ತಿಗೆದಾರ ಕೊಟ್ಟಿರಲಿಲ್ಲ. ಸೇತುವೆಯ ಕೆಳಗೆ ಮಲಗುತ್ತಿದ್ದವರನ್ನು ಕಾವಲಿನವನು ಎಬ್ಬಿಸಿ ಕಳಿಸಿದ್ದ. ಜೂಜಾಡುವವರು ಯಾರು, ನಿದ್ದೆ ಮಾಡುವವರು ಯಾರು ಎಂದು ವಿಂಗಡಿಸಲು ನಾವು ಅವನಿಗೆ ಹೇಳಿರಲಿಲ್ಲ. ಅವನ ಸಂಬಳದಲ್ಲಿ ನನ್ನ 200 ರೂಪಾಯಿಯೂ ಸೇರಿತ್ತು.

ಕಲಬುರ್ಗಿ, ಯಾದಗಿರಿ, ವಿಜಯಪುರದ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬರುವ ಕನ್ನಡಿಗರು ಈ ಊರಿನಲ್ಲಿ ಎಷ್ಟೋ ಜನ. ನಮ್ಮ ಸಂಘದ ಸದಸ್ಯರ ಪಟ್ಟಿಯನ್ನು ಅಂದು ರಾತ್ರಿ ಮನಸ್ಸಿನಲ್ಲೇ ಓದಿಕೊಂಡೆ. ಅಧಿಕಾರಿಗಳು, ಪ್ರಾಧ್ಯಾಪಕರು, ಬ್ಯಾಂಕಿನವರು, ಹೋಟೆಲ್ ಉದ್ಯಮಿಗಳು ಅದರಲ್ಲಿದ್ದಾರೆ. ಮಣ್ಣು ಹೊರುವ ಕನ್ನಡಿಗ ಒಬ್ಬನೂ ಇಲ್ಲ. ಬೀದಿಯ ಕೆಲಸ ಬೀದಿಯವರದು ಎನ್ನುವಾಗ, ನಮ್ಮ ಕನ್ನಡದವರೇ ಬೀದಿಯಲ್ಲಿದ್ದಾರೆ ಎಂಬುದು ನಮಗೆ ತಿಳಿಯದೆ ಹೋಗಿತ್ತು.

ಮುಂದಿನ ಸಭೆಯಲ್ಲಿ ಈ ಮಾತನ್ನು ಎತ್ತಿದೆ. ಶಿಕ್ಷಕಿಯವರು ಸಮರ್ಥನೆಗೆ ಇಳಿಯಲಿಲ್ಲ. ಕೆಲಹೊತ್ತು ಸುಮ್ಮನಿದ್ದು, "ಹಾಗಾದರೆ ಈಗ ಏನು ಮಾಡೋಣ, ಹೇಳಿ" ಎಂದರು. ಕಟ್ಟಡ ಕಾರ್ಮಿಕರಿಗೆ ಸಂಬಂಧಿಸಿದ 1996ರ ಕೇಂದ್ರ ಕಾಯಿದೆಯ ಪ್ರಕಾರ ಕಾಮಗಾರಿ ನಡೆಯುವಷ್ಟು ಕಾಲ ಕೂಲಿಯವರಿಗೆ ತಾತ್ಕಾಲಿಕ ವಸತಿಯನ್ನು ಬಾಡಿಗೆಯಿಲ್ಲದೆ ಒದಗಿಸುವುದು ಆಗ ಮಾಲಿಕನ ಹೊಣೆಯಾಗಿತ್ತು. ಕಾಯಿದೆಯ ಪ್ರತಿ ಹಿಡಿದು ಸಮಿತಿಯ ಐದು ಜನ ಆ ಕಾಮಗಾರಿಯ ಕಚೇರಿಗೆ ನಾಲ್ಕು ಸಲ ಹೋದೆವು. ನಾಲ್ಕನೆಯ ಸಲದ ನಂತರ ಹದಿನಾಲ್ಕು ಕುಟುಂಬಗಳಿಗೆ ತಗಡಿನ ಶೆಡ್ಡುಗಳು ಎದ್ದವು, ಒಂದು ನಲ್ಲಿ ಬಂತು. ಯಾದಗಿರಿಯ ಆ ಹೆಣ್ಣುಮಗಳ ಕುಟುಂಬ ಅಷ್ಟರಲ್ಲಿ ಎಲ್ಲಿಗೋ ಹೊರಟುಹೋಗಿತ್ತು. ಅವಳ ಹೆಸರನ್ನೂ ನಾನು ಕೇಳಿರಲಿಲ್ಲ.

ಆದುದರಿಂದ ಬಡಾವಣೆಯ ಪುನಶ್ಚೇತನವೆಂದರೆ ಕೇವಲ ಹೂಗಿಡಗಳಲ್ಲ. ನಿವಾಸಿಗಳ ಸಮಿತಿಗಳ ಮೇಲೆ ಒಂದು ಆಕ್ಷೇಪ ಮೊದಲಿನಿಂದಲೂ ಇದೆ: ಅವು ಸ್ವಂತ ಮನೆಯುಳ್ಳವರ ಸಂಘಗಳು, ಬೀದಿಬದಿಯ ವ್ಯಾಪಾರಿ, ಗುಡಿಸಲಿನವನು, ಮನೆಗೆಲಸದವಳು ಅವುಗಳ ಕಣ್ಣಿಗೆ ನಿವಾಸಿಗಳಲ್ಲ, ಸಮಸ್ಯೆಗಳು. ಈ ಆಕ್ಷೇಪದಲ್ಲಿ ಹುರುಳಿದೆ. ಬೀದಿಬದಿಯ ವ್ಯಾಪಾರವನ್ನು ರಕ್ಷಿಸಲು 2014ರಲ್ಲಿ ಸಂಸತ್ತೇ ಕಾಯಿದೆ ಮಾಡಬೇಕಾಯಿತು. ಯಾರನ್ನೋ ಕಣ್ಮರೆ ಮಾಡಿ ಪಡೆದ ಸೊಗಸು ಆ ಓಣಿಯ ಕೊಳೆಯನ್ನು ಪಕ್ಕದ ಓಣಿಗೆ ದಾಟಿಸುತ್ತದೆ, ಅಷ್ಟೆ. ಮಾಟುಂಗಾದ ಜೊತೆ ಲೇಬರ್ ಕ್ಯಾಂಪನ್ನೂ ನೆನೆಯಬೇಕೆಂದು ನಾನು ಮೊದಲೇ ಹೇಳಿದ್ದು ಇದಕ್ಕಾಗಿ.

ಹಾಗೆಂದು ಇಂಥ ಸಮಿತಿಗಳೇ ಬೇಡವೆನ್ನುವುದೂ ಸರಿಯಲ್ಲ. 1993ರಲ್ಲಿ ಜಾರಿಗೆ ಬಂದ ಸಂವಿಧಾನದ 74ನೆಯ ತಿದ್ದುಪಡಿ ದೊಡ್ಡ ನಗರಗಳಲ್ಲಿ ವಾರ್ಡ್ ಸಮಿತಿಗಳಿರಬೇಕೆಂದಿತು. ಆದರೆ 2011ರ ಜನಗಣತಿಯಂತೆ 1 ಕೋಟಿ 24 ಲಕ್ಷ ಜನರಿರುವ ಬೃಹನ್ಮುಂಬಯಿಯಲ್ಲಿ ಒಂದೊಂದು ಆಡಳಿತ ವಾರ್ಡು ಒಂದೊಂದು ಜಿಲ್ಲಾಸ್ಥಳದಷ್ಟಿದೆ. ಅಲ್ಲಿ ಓಣಿಯ ದನಿ ಕೇಳಿಸುವುದು ಕಷ್ಟ. ಅದೂ ಸಾಲದೆಂಬಂತೆ, 2022ರ ಮಾರ್ಚಿನಲ್ಲಿ ಪಾಲಿಕೆಯ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆ ನಡೆಯದೆ ಆಡಳಿತಾಧಿಕಾರಿಯ ಕೈಯಲ್ಲೇ ಊರು ನಡೆಯಿತು. ನಮ್ಮ ನಲ್ಲಿಯ ನೀರಿಗಾಗಿ ಯಾರ ಬಾಗಿಲು ತಟ್ಟಬೇಕೆಂಬುದು ತಿಳಿಯದ ಆ ಅವಧಿಯಲ್ಲಿ ಓಣಿಯ ಸಮಿತಿಯೊಂದೇ ನಮಗಿದ್ದ ದನಿ.

ಈಗ ಮಹಾಸಭೆಯ ಏಳನೆಯ ವಿಷಯಕ್ಕೆ ಬರುತ್ತೇನೆ. ಸಮಿತಿ ನಮ್ಮ ಕೋಣೆಯನ್ನು ಕೇಳಲು ಒಂದು ಕಾರಣವಿದೆ; ಅದು ಗೊತ್ತುವಳಿಯ ಒಣ ಭಾಷೆಯಲ್ಲಿ ಕಾಣುವುದಿಲ್ಲ. ಶೆಡ್ಡುಗಳ ಕುಟುಂಬಗಳು ಬದಲಾಗುತ್ತಿರುತ್ತವೆ. ಹೊಸದಾಗಿ ಬಂದವರಲ್ಲಿ ಬಹುಪಾಲು ಜನರಿಗೆ ಕನ್ನಡ ಬಿಟ್ಟು ಬೇರೆ ನುಡಿ ಬಾರದು. ಅವರ ಮಕ್ಕಳನ್ನು ಪಾಲಿಕೆಯ ಶಾಲೆಗೆ ಸೇರಿಸಬೇಕಾದರೆ, ಆಸ್ಪತ್ರೆಯ ಚೀಟಿ ಓದಿ ಹೇಳಬೇಕಾದರೆ, ಕೂಲಿಯ ಲೆಕ್ಕ ಕೇಳಬೇಕಾದರೆ ಕನ್ನಡ ಬಲ್ಲವರು ಬೇಕು. ಆದ್ದರಿಂದ ಸಮಿತಿಯ ಯೋಚನೆ ಹೀಗಿದೆ: ಎರಡು ತಾಸಿನಲ್ಲಿ ಮೊದಲನೆಯದು ಓಣಿಯ ಸಭೆಗೆ, ಎರಡನೆಯದು ಆ ಮಕ್ಕಳಿಗೆ ಕನ್ನಡದ ಮೂಲಕ ಮರಾಠಿಯ ಅಕ್ಷರ ಕಲಿಸುವುದಕ್ಕೆ. ಈ ಕೋರಿಕೆಯನ್ನು ಮುಂದಿಟ್ಟವರು ಆ ಮರಾಠಿ ಶಿಕ್ಷಕಿ. ಕನ್ನಡದ ಅಗತ್ಯವನ್ನು ಕನ್ನಡ ಸಂಘಕ್ಕೆ ಅವರು ನೆನಪಿಸಬೇಕಾಗಿ ಬಂದದ್ದು ನಮಗೆ ಹೆಮ್ಮೆಯ ಸಂಗತಿಯೇನೂ ಅಲ್ಲ.

ಇದು ಹೊಸ ಕೆಲಸವೂ ಅಲ್ಲ. ಈ ಊರಿನ ಕನ್ನಡಿಗರ ಚರಿತ್ರೆಯಲ್ಲಿ ಅತ್ಯಂತ ಉಜ್ವಲವಾದ ಅಧ್ಯಾಯ ರಾತ್ರಿ ಶಾಲೆಗಳದು. ಹಗಲೆಲ್ಲ ಹೋಟೆಲಿನಲ್ಲಿ ಲೋಟ ತೊಳೆದ ಹುಡುಗರು ರಾತ್ರಿ ಬೆಂಚಿನ ಮೇಲೆ ಕುಳಿತು ಓದಿ, ಗುಮಾಸ್ತರಾಗಿ, ವಕೀಲರಾಗಿ, ಉದ್ಯಮಿಗಳಾಗಿ ಮುಂದೆ ಬಂದರು. ನಮ್ಮ ಸಂಘಗಳ ಇಂದಿನ ಪೋಷಕರಲ್ಲಿ ಎಷ್ಟೋ ಮಂದಿ ಆ ಬೆಂಚಿನಿಂದಲೇ ಎದ್ದವರು ಅಥವಾ ಅಂಥವರ ಮಕ್ಕಳು. ಆ ಶಾಲೆಗಳನ್ನು ನಡೆಸಿದವರು ಈ ಊರು ನಮ್ಮದಲ್ಲ ಎಂದು ಕುಳಿತಿರಲಿಲ್ಲ. ಪಾಲಿಕೆಯ ಕನ್ನಡ ಮಾಧ್ಯಮದ ಶಾಲೆಗಳಲ್ಲಿ ಮಕ್ಕಳು ಕಡಿಮೆಯಾಗುತ್ತಿದ್ದಾರೆಂದು ನಾವು ವರ್ಷಕ್ಕೊಮ್ಮೆ ವೇದಿಕೆಯ ಮೇಲೆ ಕಳವಳಪಡುತ್ತೇವೆ. ಓಣಿಯ ತುದಿಯ ಶೆಡ್ಡಿನಲ್ಲಿ ಕನ್ನಡದ ಮಕ್ಕಳು ಶಾಲೆಯಿಲ್ಲದೆ ಆಡುತ್ತಿದ್ದಾರೆ.

ಕೋಣೆ ಕೈಬಿಟ್ಟುಹೋದೀತೆಂಬ ಭಯಕ್ಕೆ ಉತ್ತರ ಸುಲಭ: ವರ್ಷದ ಕರಾರು, ಬೀಗದ ಕೈ ನಮ್ಮ ಕಾರ್ಯದರ್ಶಿಗಳ ಬಳಿ, ನಮ್ಮ ಕಾರ್ಯಕ್ರಮವಿರುವ ದಿನ ಸಭೆ ಇಲ್ಲ. ಈ ಷರತ್ತುಗಳನ್ನು ಸಮಿತಿ ಒಪ್ಪಿದೆ. ಚರಂಡಿಯ ಮಾತು ಕನ್ನಡದ ಮನೆಗೆ ಶೋಭಿಸದೆಂಬ ಹಿರಿಯರಿಗೆ ಸವಿನಯವಾಗಿ ಒಂದು ಮಾತು. ಕಳೆದ ಮಳೆಗಾಲದಲ್ಲಿ ನಮ್ಮ ಗ್ರಂಥಾಲಯದ ಕೆಳಗಿನ ಎರಡು ಅರೆಗಳ ಪುಸ್ತಕಗಳು ನೆನೆದು ಹಾಳಾದದ್ದು ಅದೇ ಚರಂಡಿ ತುಂಬಿ ಹರಿದಾಗ. ಅಂದು ಮೊಣಕಾಲುದ್ದದ ನೀರಿನಲ್ಲಿ ನಿಂತು ಪುಸ್ತಕಗಳನ್ನು ಮೇಲಿನ ಮಹಡಿಗೆ ಸಾಗಿಸಿದವರಲ್ಲಿ ನಮ್ಮ ಸದಸ್ಯರು ಇಬ್ಬರೇ. ಉಳಿದ ಏಳು ಜನ ಕನ್ನಡ ಓದಲು ಬಾರದ ಓಣಿಯವರು.

ಮೂರನೆಯ ಪತ್ರದ ಮಿತ್ರರಿಗೆ, ಈ ಊರು ನಮ್ಮದಲ್ಲ ಎಂದವರಿಗೆ, ನಾನು ವಾದ ಹೂಡುವುದಿಲ್ಲ. ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ ಎಂಬ ಗಾದೆಯನ್ನು ಮಾತ್ರ ನೆನಪಿಸುತ್ತೇನೆ. ನಾವು ಬಂದು ಒಂದು ತಲೆಮಾರು, ಎರಡು ತಲೆಮಾರು ಕಳೆಯಿತು. ಈ ಊರಿನ ನೀರು ಕುಡಿದೆವು, ಅದರ ಅನ್ನ ಉಂಡೆವು. ಬಾವಿಯ ಕಟ್ಟೆಗೆ ಮಾತ್ರ ಇನ್ನೂ ಬಂದಿಲ್ಲ. ಕನ್ನಡವನ್ನು ಮನೆಯೊಳಗೆ ಬಾಗಿಲು ಹಾಕಿಕೊಂಡು ಕಾಪಾಡಿದರೆ ಅದು ನಮ್ಮೊಂದಿಗೇ ಮುಗಿಯುತ್ತದೆ. ಓಣಿಗೆ ಉಪಯೋಗಕ್ಕೆ ಬಂದರೆ ಓಣಿಯೂ ಅದನ್ನು ಉಳಿಸುತ್ತದೆ.

ಮಹಾಸಭೆಯಲ್ಲಿ ನನ್ನ ಕೈ ಏಳನೆಯ ಗೊತ್ತುವಳಿಯ ಪರವಾಗಿ ಏಳಲಿದೆ. ಸದಸ್ಯರು ಪರವಾಗಿಯೋ ವಿರೋಧವಾಗಿಯೋ, ದಯವಿಟ್ಟು ಬಂದು ಮತ ನೀಡಬೇಕೆಂದು ಪ್ರಾರ್ಥನೆ. ಸಭೆಗೆ ಮುಂಚೆ ಸಾಧ್ಯವಾದರೆ ಓಣಿಯ ತುದಿಯವರೆಗೆ ಒಮ್ಮೆ ನಡೆದು ಹೋಗಿ ಬನ್ನಿ. ಶೆಡ್ಡುಗಳ ಮುಂದೆ ನಿಂತರೆ ನಿಮ್ಮ ನುಡಿ ನಿಮಗೆ ಕೇಳಿಸುತ್ತದೆ. ನಾನು ಮಾಡಿದ ತಪ್ಪನ್ನು ನೀವು ಮಾಡಬೇಡಿ. ಅವರ ಹೆಸರು ಕೇಳಿಕೊಂಡು ಬನ್ನಿ.